ಹದಿಮೂರನೆಯ ತಿಂಗಳನ್ನು ಒಪ್ಪದ ಫೋನುಗಳು

ಜಿಮ್ಮಾದ ನಮ್ಮ ಕಾಫಿ ಬೆಳೆಗಾರರ ಸಂಘದಲ್ಲಿ ಯಾರ ಮೇಜಿನ ಫೋನು ನೋಡಿದರೂ ನಮ್ಮದೇ ತಾರೀಖು ಕಾಣುತ್ತಿತ್ತು. ಹೊರದೇಶದ ಲೆಕ್ಕಕ್ಕಿಂತ ಅದು ಏಳೆಂಟು ವರ್ಷ ಹಿಂದೆ ಅನ್ನುತ್ತಾರೆ. ಅವರೇ ಮುಂದೆ ಓಡಿದ್ದಾರೆ ಎನ್ನುವುದು ನನ್ನ ವಾದ.

ತಾರೀಖು ಹಾಕುತ್ತಿದ್ದವರು ಅಸ್ಕಲೆ, ನಮಗೆಲ್ಲ ‘ಎತಿಯೆ’, ಅಂದರೆ ಹಿರಿಯಕ್ಕ; ಸಂಘಕ್ಕೆ ಬರುವ ಕರೆಗಳನ್ನೆಲ್ಲ ಎತ್ತಿ ಜೋಡಿಸುವ ಹಿರಿಯ ಆಪರೇಟರ್. ಫೋನುಗಳಿಗೆ ನಮ್ಮ ಪಂಚಾಂಗ ಗೊತ್ತಿಲ್ಲ. ತಿಂಗಳು ಕಳೆದಾಗಲೆಲ್ಲ ಅವು ದಾರಿ ತಪ್ಪುತ್ತಿದ್ದವು. ಎತಿಯೆ ಮೇಜಿಂದ ಮೇಜಿಗೆ ಹೋಗಿ ಅವುಗಳ ಕಿವಿ ಹಿಂಡಿ ಬರುತ್ತಿದ್ದರು. ಆದರೆ ವರ್ಷದ ಕೊನೆಗೆ ಬರುವ, ಐದಾರೇ ದಿನಗಳ ಪುಟ್ಟ ಹದಿಮೂರನೆಯ ತಿಂಗಳು ಪಾಗುಮೆಯನ್ನು ಅವು ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ. ಆಗ ಎತಿಯೆ ತಾರೀಖಿನ ಮೇಲೆ ಕೈಬರಹದ ಚೀಟಿ ಅಂಟಿಸುತ್ತಿದ್ದರು.

ಪಾಗುಮೆ ಹತ್ತಿರವಾದಾಗ, ಫೋನುಗಳಿಗೆಲ್ಲ ಹೊಸ ಫರ್ಮ್‌ವೇರ್, ಅಂದರೆ ಅವನ್ನು ನಡೆಸುವ ಒಳಗಿನ ತಂತ್ರಾಂಶ, ಹಾಕಬೇಕೆಂದು ಅಡಿಸ್ ಅಬಾಬಾದ ಕೇಂದ್ರ ಕಚೇರಿಯಿಂದ ಆಜ್ಞೆ ಬಂತು. ಫೋನುಗಳ ಉಸ್ತುವಾರಿ ಸಬ್ಲೆಯದು, ಅಂದರೆ ನನ್ನದು. ಪ್ರತಿ ಫೋನೂ ಕಡತವನ್ನು ಪೂರ್ತಿ ಇಳಿಸಿಕೊಂಡು, ‘ಅಪ್‌ಗ್ರೇಡ್ ವಿಫಲ’ ಎಂದು ಹಳೆಯ ಮುಖ ಹೊತ್ತೇ ಏಳುತ್ತಿತ್ತು. ಕೇಬಲ್ ಬದಲಿಸಿದೆ, ಕಡತವನ್ನು ಮತ್ತೆ ತರಿಸಿದೆ. ಊಹೂಂ.

ಕೊನೆಗೆ ಕೇಂದ್ರದ ಎಂಜಿನಿಯರ್ ಕಿರುಬೇಲ್ ಬಂದ. ನೋಡಿದ್ದು ಅರೆಗಳಿಗೆ.

“ಮುದಿ ಫೋನು, ಸಬ್ಲೆ. ಗುಜರಿಗೆ ಹಾಕಿ. ನಿಮ್ಮ ಕರೆಗಳನ್ನ ಇನ್ಮೇಲೆ ಅಡಿಸ್‌ನಲ್ಲೇ ಎತ್ತೀವಿ.”

“ಮತ್ತೆ ಎತಿಯೆ?”

“ಅವರಿಗೂ ವಯಸ್ಸಾಯ್ತಲ್ವಾ.”

ನನ್ನ ಮೈ ಉರಿಯಿತು. ನಮ್ಮ ಪದ್ಧತಿಯಂತೆ ಅತಿಥಿಗೆ ಮೂರು ಸುತ್ತು ಕಾಫಿ ಬಗ್ಗಿಸುತ್ತಿದ್ದ ಎತಿಯೆ ತಲೆ ಎತ್ತದೆಯೇ ಹೇಳಿದರು: “ಮೂರನೇ ಸುತ್ತು ಮುಗಿಸಿ ಏಳಪ್ಪಾ. ಗುಜರಿ ಸಾಮಾನು ಮಾಡಿದ ಕಾಫಿನೂ ಕುಡಿಯೋ ಹಾಗಿರುತ್ತೆ.”

ಕಿರುಬೇಲ್ ಕೂತು ಬಟ್ಟಲು ಕೈಗೆತ್ತಿಕೊಂಡ. ನಾನು ಉಗ್ರಾಣಕ್ಕೆ ಓಡಿ, ಅದೇ ಮಾದರಿಯ, ಯಾರೂ ಮುಟ್ಟದ ಫೋನೊಂದನ್ನು ಡಬ್ಬದಿಂದ ತೆಗೆದು ಎತಿಯೆಯ ಕೇಬಲ್ಲಿಗೇ ಸಿಕ್ಕಿಸಿದೆ. ಅದು ಒಂದೇ ಏಟಿಗೆ ಹೊಸ ಫರ್ಮ್‌ವೇರ್ ನುಂಗಿತು! ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೂಲೆಯ ತಾರೀಖು ಮಾತ್ರ ಬೇರೆ; ಹೊಸ ಫೋನಿನದು ಅದು ಜಾಲದಿಂದ ತಾನೇ ಪಡೆದ ಹೊರದೇಶದ್ದು.

ಗೊತ್ತಾಗಿ ಜೋರಾಗಿ ನಕ್ಕೆ. ಫರ್ಮ್‌ವೇರ್ ಜೊತೆ ಅದು ಅಸಲಿ ಎನ್ನುವ ಪ್ರಮಾಣಪತ್ರವೂ ಬರುತ್ತದೆ. ಅದಕ್ಕೊಂದು ತಾರೀಖು, ಹೊರದೇಶದ್ದು. ನಮ್ಮ ಫೋನುಗಳ ಲೆಕ್ಕದಲ್ಲಿ ಆ ವರ್ಷ ಇನ್ನೂ ಬಂದೇ ಇಲ್ಲ. ಮುಂದೆಂದೋ ಹುಟ್ಟುವ ಮಗುವಿನ ಗುರುತಿನ ಚೀಟಿ ತೋರಿಸಿದರೆ ಯಾವ ಕಾವಲುಗಾರ ಒಳಗೆ ಬಿಡುತ್ತಾನೆ?

ಎತಿಯೆಯ ಮುಖ ಬಾಡಿತು. “ಹಾಗಾದ್ರೆ ನಾನೇ ಕೆಡಿಸಿದ್ನಾ, ಮಗಳೇ?”

“ಇಲ್ಲ ಎತಿಯೆ. ಅವು ನಿಮ್ಮ ಮಾತು ನಂಬಿದ್ವು, ಅಷ್ಟೇ.”

ತಾರೀಖು ಬದಲಿಸಿದೆ. ಒಂದೊಂದೇ ಫೋನು ಹೊಸದಾಗಿ ಎದ್ದಿತು. ಕಿರುಬೇಲ್ ಎತಿಯೆಯತ್ತ ತಿರುಗಿ ಕೈ ಚೆಲ್ಲಿದ.

“ಆಯ್ತು ತಾಯಿ, ಕರೆಗಳು ಇಲ್ಲೇ ಇರ್ಲಿ. ಆದ್ರೆ ಇನ್ಮೇಲೆ ನಿಮ್ಮ ತಾರೀಖಿನ ಆಟ ಬೇಡ.”

“ನಮ್ಮ ತಾರೀಖಾ? ನಿಮ್ಮನೇಲಿ ಹೊಸ ವರ್ಷ ಯಾವತ್ತು ಮಾಡ್ತೀರಿ?” ಎಂದರು ಎತಿಯೆ.

ನಮ್ಮಂತೆ ಪಾಗುಮೆ ಮುಗಿದ ಮೇಲೇ ಹೊಸ ವರ್ಷ ಮಾಡುವ ಅವನಿಗೂ ನಗು ತಡೆಯಲಾಗಲಿಲ್ಲ.

ಅವನು ಹೋದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಹೊಸ ಫರ್ಮ್‌ವೇರಿನಲ್ಲಿ ಪರದೆಯ ಮೇಲೆ ನಮಗೆ ಬೇಕಾದ್ದನ್ನು ತೋರಿಸಲು ಜಾಗವಿತ್ತು. ಒಳಗಿನ ಗಡಿಯಾರ ಹೊರದೇಶದ ಲೆಕ್ಕದಲ್ಲೇ ನಡೆಯಲಿ, ಮುಖ ಮಾತ್ರ ನಮ್ಮದಿರಲಿ ಎಂದು ಪುಟ್ಟದೊಂದು ಪ್ರೋಗ್ರಾಮ್ ಬರೆದೆ. ಯಾರಿಗೂ ಹೇಳಲಿಲ್ಲ.

ಹೊಸ ತಿಂಗಳು ಹುಟ್ಟಿದ ಬೆಳಿಗ್ಗೆ ಎತಿಯೆ ಎಂದಿನಂತೆ ಚೀಟಿಗಳನ್ನು ಹಿಡಿದು ಬಂದರು. ತಮ್ಮ ಫೋನಿನ ಮುಂದೆ ನಿಂತುಬಿಟ್ಟರು. ಪರದೆಯ ಮೇಲೆ ನಮ್ಮ ಲಿಪಿಯಲ್ಲಿ ದಪ್ಪಗೆ ಮೂಡಿತ್ತು: ಪಾಗುಮೆ 1. ಹೆಗಲ ಮೇಲಿನ ಬಿಳಿ ಸೆರಗಿನಿಂದ ಪರದೆಯನ್ನು ಒರೆಸಿದರು, ಅಕ್ಷರ ಅಳಿಯಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಡಿಸ್‌ನಿಂದ ಕಿರುಬೇಲ್ ಎಂದು ಪರದೆ ತೋರಿಸಿತು. ಎತಿಯೆ ನೆಟ್ಟಗೆ ಕೂತು, ಚೀಟಿಗಳನ್ನು ಬುಟ್ಟಿಗೆ ಹಾಕಿ, ರಿಸೀವರ್ ಎತ್ತಿದರು.

“ಜಿಮ್ಮಾ. ಇಲ್ಲಿ ಇವತ್ತು ಪಾಗುಮೆ ಒಂದು. ನಿಮ್ಮ ಫೋನಲ್ಲಿ ಎಷ್ಟಪ್ಪಾ ತಾರೀಖು?”