ಪ್ರಥಮ ಚಿಕಿತ್ಸೆಯಲ್ಲಿ ಸಿಕ್ಕ ಡಬ್ಲ್ಯೂ

ವಿನ್ನಿ ಪ್ರೋಕಾಪ್ ನನ್ನ ರೂಮ್‌ಮೇಟು. ಅಮೆರಿಕದ ಟೊಲಿಡೊದಲ್ಲಿ ಲಾಂಡ್ರಿ ಅಂಗಡಿಯ ಮೇಲೊಂದು ಮನೆಯಲ್ಲಿ ಇಬ್ಬರೂ ಇದ್ದೆವು. ಡಾಕ್ಟರಾಗ್ತೀನಿ, ಡಾಕ್ಟರಾಗ್ತೀನಿ ಎಂದು ಚಿಕ್ಕಂದಿನಿಂದ ಮನೆಯವರ ತಲೆ ತಿಂದಿದ್ದ ಈ ಹುಡುಗಿ, ಮೆಡಿಕಲ್ ಕಾಲೇಜಿನ ಅರ್ಜಿ ತುಂಬಲು ಕೂತ ದಿನ ಮುಖ ಸಪ್ಪಗೆ ಮಾಡಿಕೊಂಡಳು.

ಅರ್ಜಿಯವರಿಗೆ ನಮ್ಮ ಜಾತಕವೆಲ್ಲ ಬೇಕು. ಪಾಸಾದದ್ದು, ಫೇಲಾದದ್ದು, ನಡುವೆ ಬಿಟ್ಟು ಓಡಿಹೋದದ್ದು. ಹೈಸ್ಕೂಲಿನಲ್ಲಿದ್ದಾಗ ಊರಿನ ಕಮ್ಯುನಿಟಿ ಕಾಲೇಜಿಗೆ ಹೋಗಿ ಕೂತಿದ್ದನ್ನೂ ಬಿಡುವಂತಿಲ್ಲ. ಬಿಟ್ಟ ಕೋರ್ಸಿನ ಮುಂದೆ ಗ್ರೇಡಿನ ಜಾಗದಲ್ಲಿ ಡಬ್ಲ್ಯೂ, ಅಂದರೆ ವಿತ್‌ಡ್ರಾ, ಎಂದು ಹಾಕಬೇಕು. ಸರಾಸರಿಗೆ ಅದು ಲೆಕ್ಕಕ್ಕಿಲ್ಲ, ಮರ್ಯಾದೆಗೆ ಉಂಟು. ಬಿಟ್ಟದ್ದು ಗಣಿತವೋ ಚರಿತ್ರೆಯೋ ಆಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಮ್ಮ ಭಾವೀ ಡಾಕ್ಟರಮ್ಮ ಆ ಊರಿನ ಕಾಲೇಜಿನಲ್ಲಿ ಬಿಟ್ಟದ್ದು ಪ್ರಥಮ ಚಿಕಿತ್ಸೆ. ಮೇಷ್ಟ್ರು ರಕ್ತದ ಬದಲು ಗೊಂಬೆಯ ತೊಡೆಗೆ ಸುರಿದ ಕೆಂಪು ಸಕ್ಕರೆ ಪಾಕ ನೋಡಿ ದೊಪ್ಪನೆ ಬಿದ್ದಿದ್ದಳು. ಮುಂದಿನ ವಾರವೂ ಬಿದ್ದಳು. ಆಮೇಲೆ ಹೋಗಲೇ ಇಲ್ಲ.

ಸಲಹೆ ಕೊಡಲು ಗ್ಯಾರೆಟ್ ಬಂದ. ಮೆಡಿಕಲ್ ಸೀಟಿನ ಆಸೆಬುರುಕರ ಸಂಘಕ್ಕೆ ಅವನೇ ಅಧ್ಯಕ್ಷ. ಸೀಟು ಸಿಗುವ ಮೊದಲೇ ಕಾರಿನ ಕನ್ನಡಿಗೆ ಸ್ಟೆತಸ್ಕೋಪ್ ನೇತುಹಾಕಿದ ಗಿರಾಕಿ.

"ಆ ಕಾಲೇಜಿನ ಹೆಸ್ರೇ ಎತ್ತಬೇಡ ಕಣೇ. ಯಾರು ಕೆದಕ್ತಾರೆ?" ಅಂದ.

ನನಗೆ ಮೈ ಉರಿಯಿತು. "ಸಿಕ್ಕಿಬಿದ್ರೆ ನೀನು ಬಂದು ಬಿಡಿಸ್ತೀಯೇನೋ? ಬಿಟ್ಟೋಗಿದ್ದಕ್ಕೆ ನಗ್ತಾರೆ ಅಷ್ಟೇ. ಮುಚ್ಚಿಟ್ರೆ ಬಾಗ್ಲೇ ಹಾಕ್ತಾರೆ."

"ನಗೋದೇ ನಂಗೆ ಭಯ ಮಾರಾಯ್ತಿ," ಅಂದಳು ವಿನ್ನಿ. "ರಕ್ತ ನೋಡಿ ಬೀಳೋಳಿಗೆ ಸೀಟ್ ಯಾರ್ ಕೊಡ್ತಾರೆ?"

"ಈಗ್ಲೂ ಬೀಳ್ತೀಯಾ?"

"ಇಲ್ಲ. ಬೀಳೋ ಹಾಗಾಗತ್ತೆ. ತಕ್ಷಣ ಕೂತ್ಕೋತೀನಿ."

ವೃದ್ಧಾಶ್ರಮದಲ್ಲಿ ಶನಿವಾರ ಶನಿವಾರ ದುಡಿದು ಕಲಿತ ವಿದ್ಯೆ ಅದು. ಅಲ್ಲಿನ ಅಜ್ಜಿಯರು ಬ್ಯಾಂಡೇಜಿಗೆ ಕಾಲು ಚಾಚುವ ಮುನ್ನ ಇವಳಿಗೊಂದು ಕುರ್ಚಿ ಎಳೆದು ಕೊಡುತ್ತಿದ್ದರಂತೆ.

ಕೊನೆಗೆ ಡಬ್ಲ್ಯೂ ಹಾಕಿದಳು. ಅರ್ಜಿ ಕಳಿಸಿ, ಹಾಸಿಗೆಯ ಮೇಲೆ ಬೋರಲು ಬಿದ್ದಳು. ಅವಳ ಪಾಲಿನ ಪಾತ್ರೆಯನ್ನೂ ನಾನೇ ತೊಳೆದಿಟ್ಟೆ. ಬರೆಯಿಸಿದವಳು ನಾನೇ ತಾನೆ?

ಚಳಿಗಾಲ ಬಂತು. ಸಂದರ್ಶನಕ್ಕೆ ಕರೆದದ್ದು ಒಂದೇ ಕಾಲೇಜು. ನಾನೇ ಕಾರಿನಲ್ಲಿ ಕರೆದೊಯ್ದೆ. ಒಳಗೆ ನಡೆದದ್ದನ್ನು ವಾಪಸ್ ಬರುವಾಗ ಮೂಗು ಸೋರಿಸಿಕೊಂಡು ಹೇಳಿದಳು.

ಪ್ರಶ್ನೆ ಕೇಳಿದವರು ಹಾಲ್ವರ್ಸನ್ ಎಂಬ ಮುದಿ ಸರ್ಜನ್. ಊಟಕ್ಕೆ ಬಿಡುವಿಲ್ಲದೆ, ಮೇಜಿನ ಮೇಲೇ ಸೇಬು ಹೆಚ್ಚಿಕೊಂಡು ತಿನ್ನುತ್ತಿದ್ದರು. "ಪ್ರಥಮ ಚಿಕಿತ್ಸೆ ಯಾಕಮ್ಮಾ ಬಿಟ್ಟೆ?" ಅಂದರು. ಇವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಸಕ್ಕರೆ ಪಾಕದ ಮಾತು ಕೇಳಿ ಮುದುಕರು ನಕ್ಕರು, ನಗುವಾಗ ಚಾಕು ಜಾರಿ ಬೆರಳು ಕುಯ್ದಿತು. ಬಳಬಳ ರಕ್ತ.

ವಿನ್ನಿಗೆ ಕಣ್ಣು ಕತ್ತಲೆ ಬಂತು. ಸರಕ್ಕನೆ ನೆಲದ ಮೇಲೆ ಕೂತಳು.

"ಒತ್ತಿ ಹಿಡ್ಕೊಳ್ಳಿ ಡಾಕ್ಟ್ರೇ, ಕೈ ಮೇಲೆತ್ತಿ!"

"ನಾನು ಸರ್ಜನ್ನು ಕಣಮ್ಮಾ."

"ಆದ್ರೂ ಒತ್ತಿ. ಮಾತು ಬೇಡ."

ನೆಲದ ಮೇಲೆಯೇ ತೆವಳಿ ಹೋಗಿ, ಕತ್ತಿನ ಸ್ಕಾರ್ಫ್ ಬಿಚ್ಚಿ ಬೆರಳಿಗೆ ಬಿಗಿದಳು. ಕಣ್ಣು ಮುಚ್ಚಲಿಲ್ಲ, ಬೀಳಲೂ ಇಲ್ಲ.

"ಎಲ್ಲಾ ಮುಗೀತು ಕಣೇ. ಸರ್ಜನ್ನಿಗೇ ಬಾಯ್ಮುಚ್ಚು ಅಂದೆ," ಎಂದು ಕಾರಿನಲ್ಲಿ ಗೋಳಾಡಿದಳು. "ಅದೂ ಸಾಲದು ಅಂತ ಸ್ಕಾರ್ಫೂ ಹೋಯ್ತು. ನಮ್ಮಜ್ಜಿ ಹೆಣೆದಿದ್ದು."

"ವಾಪಸ್ ಕೇಳ್ಬಾರ್ದಿತ್ತಾ?"

"ಕೇಳ್ದೆ. ಒಗೆಸಿ ಇಟ್ಟಿರ್ತೀನಿ, ಆಗಸ್ಟಲ್ಲಿ ಕ್ಲಾಸಿಗೆ ಬಂದಾಗ ಇಸ್ಕೋ ಅಂದ್ರು. ಒಂದು ಸ್ಕಾರ್ಫ್ ಒಗೆಯೋಕೆ ಆಗಸ್ಟ್‌ವರೆಗೂ ಬೇಕೇನೇ?"

ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. "ಪೆದ್ದೀ, ಅವರು ಹೇಳಿದ್ದನ್ನ ಇನ್ನೊಂದ್ಸಲ ಹೇಳು," ಅಂದೆ.

"ಕ್ಲಾಸಿಗೆ ಬಂದಾಗ" ಎಂಬಲ್ಲಿಗೆ ಬಂದು ನಿಂತಳು. ಆಮೇಲೆ ತಲೆ ಸುತ್ತಿ ಬೀಳದಂತೆ ಸೀಟಿನಲ್ಲೇ ತಲೆ ಬಗ್ಗಿಸಿ, ಮಂಡಿಯ ನಡುವೆ ಇಟ್ಟುಕೊಂಡು ಕೂತಳು.