ತಿರುಗುವ ಕೋಲಿನ ಮೇಲೆ ಏಳನೇ ಇಲಿ

ಹದಿನಾರು ಇಲಿಗಳಿಗೂ ಫಿಟ್ಸ್ ಬರಿಸುವ ಚುಚ್ಚುಮದ್ದು ಕೊಟ್ಟಾಗಿತ್ತು. ಅದಕ್ಕೆ ಮೊದಲು ಬರೀ ಉಪ್ಪುನೀರು ಚುಚ್ಚಿಸಿಕೊಂಡಿದ್ದ ಎಂಟು, ಕೈಕಾಲು ಸೆಟೆದು ಒದ್ದಾಡಿಬಿಟ್ಟವು. ಹೊಸ ಔಷಧಿ ಪಡೆದಿದ್ದ ಎಂಟು ಮಾತ್ರ ತಣ್ಣಗೆ ಮಲಗಿದ್ದವು. ಒಂದರ ಮೀಸೆಯೂ ಅದುರಲಿಲ್ಲ!

ಪ್ರಯೋಗಾಲಯದಲ್ಲಿ ಪಂಜರ ತೊಳೆಯುವ ಅಕ್ಕ ಆ ಎಂಟನ್ನೂ ಎರಡೆರಡು ಸಲ ಎಣಿಸಿದಳು. ಮನೆಯಲ್ಲಿ ಒಂಬತ್ತು ವರ್ಷದ ಮಗಳು. ಮೂರು ಥರದ ಮಾತ್ರೆ ನುಂಗಿಸಿದರೂ ದಿನಕ್ಕೆ ನಾಲ್ಕು ಸಲ ಫಿಟ್ಸ್ ಬಂದು ಬೀಳುವುದು ತಪ್ಪಿಲ್ಲ. ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದು ಹಲ್ಲು ಮುರಿದುಕೊಂಡಿದ್ದಳು. ಡಾಕ್ಟರು ಕೈಚೆಲ್ಲಿ ಕೂತಿದ್ದರು.

ಸಂಶೋಧಕಿ ಸ್ಟಾಪ್‌ವಾಚ್ ತರಲು ಒಳಗೆ ಹೋದದ್ದೇ ತಡ, ಅಕ್ಕ ಫ್ರಿಜ್ ತೆಗೆದು ಔಷಧಿಯ ಪುಟ್ಟ ಸೀಸೆಯೊಂದನ್ನು ಜೇಬಿಗೆ ಇಳಿಸಿದಳು. ಹನ್ನೊಂದು ವರ್ಷದಲ್ಲಿ ಇಲ್ಲಿಂದ ಒಂದು ಹಿಡಿ ಹೊಟ್ಟನ್ನೂ ಮನೆಗೆ ಒಯ್ದವಳಲ್ಲ.

"ಗೆದ್ದಾಯ್ತಲ್ಲ ಮೇಡಂ! ಸ್ವಲ್ಪ ನಗಿ, ನಕ್ಕರೆ ಟ್ಯಾಕ್ಸ್ ಹಾಕ್ತಾರಾ?" ಸಂಶೋಧಕಿ ವಾಪಸ್ ಬಂದೊಡನೆ ಅಕ್ಕ ಅಂದಳು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಬೇಡಿ ಅಕ್ಕಾ. ಕೋಲಿನ ಪರೀಕ್ಷೆ ಬಾಕಿ ಇದೆ."

ಮೋಟಾರು ನಿಧಾನಕ್ಕೆ ತಿರುಗಿಸುವ ಕೋಲು ಅದು. ಗಟ್ಟಿಮುಟ್ಟಾದ ಇಲಿ ಅದರ ಮೇಲೆ ಎರಡು ನಿಮಿಷ ಸಲೀಸಾಗಿ ನಡೆಯುತ್ತದೆ. ನಿನ್ನೆ, ಔಷಧಿ ಕೊಡುವ ಮುಂಚೆ, ತಣ್ಣಗೆ ಮಲಗಿರುವ ಈ ಎಂಟೂ ಹಾಗೆ ನಡೆದಿದ್ದವು.

ಮೊದಲನೆಯದು ಮೂರೇ ಸೆಕೆಂಡಿಗೆ ಬಿತ್ತು. ಎರಡನೆಯದು ಕೋಲನ್ನು ಹಿಡಿಯಲೇ ಇಲ್ಲ.

"ನಿದ್ದೆಗಣ್ಣು ಮೇಡಂ ಅವಕ್ಕೆ."

"ನಿದ್ದೆ ಅಲ್ಲ ಅಕ್ಕಾ. ಕಾಲು ಸ್ವಾಧೀನದಲ್ಲೇ ಇಲ್ಲ."

ಎಂಟೂ ಬಿದ್ದವು.

"ಡೋಸ್ ಅರ್ಧ ಮಾಡಿದ್ರೆ?" ಬಿದ್ದ ಇಲಿಗಳನ್ನು ಎತ್ತಿಕೊಳ್ಳುತ್ತ ಅಕ್ಕ ಕೇಳಿದಳು.

"ಹೋದ ತಿಂಗಳೇ ನೋಡಿದ್ವಿ. ಅರ್ಧಕ್ಕೆ ಫಿಟ್ಸ್ ನಿಲ್ಲಲ್ಲ. ಈ ಔಷಧಿ ಕಥೆ ಮುಗೀತು ಅಕ್ಕಾ."

ಸಂಶೋಧಕಿ ವರದಿ ಬರೆಯಲು ಕೋಣೆಗೆ ಹೋದಳು. ಅಕ್ಕ ಮತ್ತೆ ಸ್ವಿಚ್ ಒತ್ತಿದಳು. ನಿನ್ನೆ ಕೋಲಿನಿಂದ ಇಳಿಯಲು ಒಪ್ಪದೆ ಹಟ ಹಿಡಿದಿದ್ದ ಏಳನೇ ಇಲಿಯನ್ನು ಎರಡೂ ಕೈಯಲ್ಲಿ ಎತ್ತಿ ಇಟ್ಟಳು.

"ನಿಲ್ಲೋ ನನ್ನಪ್ಪಾ. ಒಂದೇ ಒಂದು ನಿಮಿಷ."

ಬಿತ್ತು. ಮತ್ತೆ ಇಟ್ಟಳು. ಬಿತ್ತು. ಮತ್ತೆ ಇಟ್ಟಳು.

"ಅಕ್ಕಾ! ಏನ್ಮಾಡ್ತಿದೀರಾ?" ಸಂಶೋಧಕಿ ಬಾಗಿಲಲ್ಲಿ ನಿಂತಿದ್ದಳು.

ಅಕ್ಕ ಜೇಬಿನಿಂದ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ಸಂಶೋಧಕಿ ಅದನ್ನು ನೋಡಿದಳು, ಬೈಯಲಿಲ್ಲ. ಬಂದು ಮೋಟಾರು ಆರಿಸಿದಳು.

"ಇನ್ನೊಂದು ಔಷಧಿ ಯಾವಾಗ ಬರುತ್ತೆ ಮೇಡಂ?"

"ಇಲಿಗೆ ಕೊಡೋಕೇ ಎರಡು ವರ್ಷ ಆಗ್ಬಹುದು."

ದಿನಕ್ಕೆ ನಾಲ್ಕು ಸಲ, ಎರಡು ವರ್ಷ. ಅಕ್ಕ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟಳು. ನಿಂತ ಕೋಲಿನ ಮೇಲೆ ಇಲಿಯನ್ನು ಇನ್ನೊಮ್ಮೆ ಇಟ್ಟು, ಈ ಸಲ ಕೈ ತೆಗೆಯಲಿಲ್ಲ.