ಎಡಗಡೆಯ ಗೀರು

“ಹೋದ ಸಲ ಮಾಡಿದ ಹಾಗೇ ಮಾಡಿಬಿಡು. ಗೊತ್ತಾಗಬಾರದು, ಅಷ್ಟೆ,” ಎಂದರು ಮೇಷ್ಟ್ರು, ಕಾರಿನ ಕೀಯನ್ನು ಅವಳಿಗೆ ಕೊಡದೆ ತಮ್ಮ ಜೇಬಿಗೇ ಹಾಕಿಕೊಳ್ಳುತ್ತ.

“ಹೋದ ಸಲ ಅಂದ್ರೆ ಯಾವುದು ಮೇಷ್ಟ್ರೇ? ಮೂರು ತಿಂಗಳಲ್ಲಿ ಇದು ನಾಲ್ಕನೇದು.”

“ನೀನು ನನ್ನ ಮಗಳ ಥರಾನೇ ಆದೆ ಕಪ್ಪೆ.”

ಅವಳನ್ನು ಕಪ್ಪೆ ಎಂದು ಕರೆಯುವ ಹಕ್ಕು ಇದ್ದದ್ದು ಅವರೊಬ್ಬರಿಗೇ. ಇಪ್ಪತ್ತೆರಡು ವರ್ಷದ ಹಿಂದೆ ಅವರ ಡ್ರೈವಿಂಗ್ ಸ್ಕೂಲಿಗೆ ಸೇರಿ, ಕ್ಲಚ್ ಬಿಡಲು ಬಾರದೆ, ಮೈದಾನದ ಈ ತುದಿಯಿಂದ ಆ ತುದಿಯವರೆಗೂ ಕಾರನ್ನು ಕುಪ್ಪಳಿಸಿಕೊಂಡು ಹೋಗಿದ್ದಳು. ಈಗ ಪೆಟ್ರೋಲ್ ಬಂಕಿನ ಹಿಂದೆ ಅವಳದೇ ಒಂದು ಶೆಡ್ಡು. ಕಾರು ತೊಳೆಯುವವರು ಊರಲ್ಲಿ ಬೇಕಾದಷ್ಟು ಜನ. ಆದರೆ ಬಂಪರು, ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಇಂಥ ಬಣ್ಣವಿಲ್ಲದ ಕರಿ ಪ್ಲಾಸ್ಟಿಕ್ಕು ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದರೆ ಅದಕ್ಕೆ ಮತ್ತೆ ಜೀವ ಬರಿಸುವ ಕೈ ಅವಳದು ಎಂದು ಮೆಕ್ಯಾನಿಕ್‌ಗಳೇ ಗಿರಾಕಿಗಳನ್ನು ಇತ್ತ ಕಳಿಸುತ್ತಿದ್ದರು.

ಕಾರು ಸ್ಕೂಲಿನದೇ, ಕೊನೆಯದು. ಸ್ಕೂಲು ಮುಚ್ಚಿದ ದಿನ ಮೇಷ್ಟ್ರು ಅದರ ತಲೆಯ ಮೇಲಿನ ಬೋರ್ಡು ತೆಗೆಸಿದರು, ಕಲಿಸುವವರ ಕಾಲಿಗೆಂದು ಎಡಗಡೆ ಕೂರಿಸಿದ್ದ ಎರಡನೇ ಬ್ರೇಕನ್ನೂ ಕೀಳಿಸಿದರು. ಅದು ಇದ್ದ ಜಾಗದಲ್ಲಿ ಮ್ಯಾಟಿಗೆ ಒಂದು ತೇಪೆ ಉಳಿದಿತ್ತು.

ಮಗಳ ಜೊತೆ ಅವರಿಗೊಂದು ಕರಾರು ಆಗಿತ್ತು. ಪ್ರತಿ ಶನಿವಾರ ಬೆಳಿಗ್ಗೆ ಆಕೆ ಕಾರನ್ನು ಒಂದು ಸುತ್ತು ಹಾಕಿ ನೋಡುತ್ತಾಳೆ. ಹೊಸ ಗೀರು ಕಂಡರೆ ಕೀ ಆಕೆಯ ಕೈಗೆ, ಮರುಮಾತಿಲ್ಲ. ಇವತ್ತು ಶುಕ್ರವಾರ.

ಹಿಂದಿನ ಮೂರು ಗೀರುಗಳನ್ನು ಮುಚ್ಚಿಕೊಟ್ಟಿದ್ದವಳು ಇವಳೇ. ಪಾಪ, ಈ ವಯಸ್ಸಲ್ಲಿ ಅವರಿಗೆ ಇರುವುದೇ ಅದೊಂದು ಕೀ, ಎಂದುಕೊಂಡು ಮುಚ್ಚಿದ್ದಳು.

“ಈ ಸಲ ಏನಕ್ಕೆ ತಾಗಿಸಿದ್ರಿ?”

“ಗೇಟಿನ ಕಂಬ. ಅದು ಯಾವಾಗ್ಲೂ ನನ್ನ ದಾರಿಗೇ ಬರುತ್ತೆ.”

ಅವಳು ನಕ್ಕಳು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಅವಳ ಕೆಲಸ ನೋಡತೊಡಗಿದರು. ನೋಡುವುದಷ್ಟೇ ಅಲ್ಲ, ನಡುನಡುವೆ ತಪ್ಪನ್ನೂ ಹುಡುಕುತ್ತಿದ್ದರು. ನೀರು ಜಾಸ್ತಿಯಾಯಿತು, ಬ್ರಷ್ಷು ಹಳತಾಯಿತು.

“ಎಣ್ಣೆ ಒರೆಸಿದ್ರೆ ಆಗಲ್ವೇನೆ? ಎದುರುಮನೆಯವನು ಹಾಗೇ ಮಾಡ್ತಾನೆ. ಫಳಫಳ ಅನ್ನುತ್ತೆ.”

“ಒಂದು ಮಳೆ ಬರೋವರೆಗೆ ಅನ್ನುತ್ತೆ. ಆಮೇಲೆ ಧೂಳೆಲ್ಲ ಅದಕ್ಕೇ ಅಂಟ್ಕೊಂಡು ಮೊದಲಿಗಿಂತ ಕಡೆ ಆಗುತ್ತೆ. ಕೊಳೆ ತೆಗೀದೆ ಏನು ಬಳಿದ್ರೂ ಕೊಳೆಗೇ ಬಳಿದ ಹಾಗೆ ಮೇಷ್ಟ್ರೇ.”

ಬಲಗಡೆಯದು ಬೇಗ ಮುಗಿಯಿತು. ಸೋಪಿನ ನೀರು, ಮೆದು ಬ್ರಷ್ಷು, ಬಿಳಿ ಬಟ್ಟೆ. ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವವರೆಗೂ ಒರೆಸಬೇಕು, ಒಣಗಲು ಬಿಡಬೇಕು, ಆಮೇಲೆ ಸ್ಪಂಜಿನಲ್ಲಿ ಕಪ್ಪು ಮರಳಿಸುವ ಮದ್ದು ತೆಳ್ಳಗೆ ಹಚ್ಚಿ, ಮಿಕ್ಕಿದ್ದನ್ನು ಒರೆಸಿ ತೆಗೆಯಬೇಕು. ಬಲಬದಿಯಲ್ಲಿ ಒಂದೇ ಒಂದು ಗೀರಿರಲಿಲ್ಲ. ಅವಳು ಅದನ್ನು ಈಗ ಗಮನಿಸಿದಳು. ಹಿಂದಿನ ಮೂರೂ ಎಡಗಡೆಯವೇ.

ಎಡಗಡೆ, ಮುಂದಿನ ಚಕ್ರದ ಕಮಾನಿನಿಂದ ಬಾಗಿಲ ಪಟ್ಟಿಯವರೆಗೆ ಗೇಣುದ್ದದ ಬಿಳಿ ಗೆರೆ. ಗೀರಾದಾಗ ಕರಿ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ತರಿ ಒತ್ತಿಹೋಗಿ ಬೆಳ್ಳಗಾಗುತ್ತದೆ. ಬಿಸಿಗಾಳಿಯ ಗನ್ನನ್ನು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸಿದರೆ ಒಳಗಿನ ಎಣ್ಣೆಯಂಶ ಮೇಲೆದ್ದು ಮತ್ತೆ ಕಪ್ಪಾಗುತ್ತದೆ. ಅವಳು ಗನ್ನಿನ ವೈರು ಬೋರ್ಡಿಗೆ ಸಿಕ್ಕಿಸಿದಳು. ಬಿಸಿ ಹಾಯಿಸುವ ಮುಂಚೆ ಗೀರನ್ನು ಬ್ರಷ್ಷಿನಿಂದ ಒಮ್ಮೆ ಉಜ್ಜಿ ಬಟ್ಟೆಯಲ್ಲಿ ಒರೆಸಿದಳು.

ಬಟ್ಟೆಗೆ ಕೆಂಪು ಹತ್ತಿತು.

ಬೆರಳಲ್ಲಿ ಹೊಸಕಿ ನೋಡಿದಳು. ಬಣ್ಣವಲ್ಲ, ಇಟ್ಟಿಗೆಯ ಪುಡಿಯೂ ಅಲ್ಲ. ಮೆತ್ತಗೆ ಸುರುಳಿಯಾಯಿತು. ರಬ್ಬರು. ಕೂತಲ್ಲಿಂದಲೇ ಅದರ ಎತ್ತರವನ್ನು ಕೈಯಲ್ಲಿ ಅಳೆದಳು. ಸೈಕಲ್ಲಿನ ಪೆಡಲ್ ಬರುವ ಎತ್ತರ.

“ಮೇಷ್ಟ್ರೇ, ನಿಮ್ಮ ಗೇಟಿನ ಕಂಬಕ್ಕೆ ಯಾವ ಬಣ್ಣ?”

“ಸುಣ್ಣ. ಯಾಕೆ?”

ಅವಳು ಕೈ ಒರೆಸಿಕೊಂಡು ಎದ್ದು, ಡ್ರೈವರ್ ಬಾಗಿಲು ತೆಗೆದು ಹಿಡಿದಳು. “ಸ್ವಲ್ಪ ಒಳಗೆ ಕೂತ್ಕೊಳ್ಳಿ. ಎಂಜಿನ್ ಬೇಡ.”

ಆ ಮಾತು ಕೇಳಿದ ಕೂಡಲೇ ಮೇಷ್ಟ್ರಿಗೆ ಅರ್ಥವಾಯಿತು, ಏಕೆಂದರೆ ಅದು ಅವರದೇ ಮಾತು. ಮೊದಲ ದಿನದ ಪಾಠ. ಶಿಷ್ಯನನ್ನು ಸೀಟಿನಲ್ಲಿ ಕೂರಿಸಿ, ಕತ್ತು ತಿರುಗಿಸದೆ ನೇರ ನೋಡು ಎಂದು ಹೇಳಿ, ತಾವು ಕಾರಿನ ಸುತ್ತ ನಡೆಯುತ್ತ, ನಿಂತು ನಿಂತು, ನಾನೆಲ್ಲಿದ್ದೀನಿ ಎಂದು ಕೇಳುತ್ತಿದ್ದರು. ಹೇಳಲಾಗದವರಿಗೆ ಅವತ್ತು ಎಂಜಿನ್ ಇಲ್ಲ.

“ನನಗೇ ಪರೀಕ್ಷೆನಾ?” ಎಂದು ನಗಲು ನೋಡಿದರು. ಅವಳು ನಗಲಿಲ್ಲ. ಅವರು ಕೂತರು. ಎರಡೂ ಕೈ ತಾವಾಗಿಯೇ ಸ್ಟೇರಿಂಗಿನ ಮೇಲೆ ಸರಿಯಾದ ಜಾಗಕ್ಕೆ ಹೋದವು.

ಅವಳು ಒಂದು ಹಳದಿ ಬಟ್ಟೆಯನ್ನು ಎತ್ತಿ ಹಿಡಿದು ಬಲಗಡೆ ನಿಂತಳು. “ಎಲ್ಲಿದ್ದೀನಿ?”

“ಬಲಗಡೆ. ನನ್ನ ಭುಜದ ಪಕ್ಕ.”

ಆಮೇಲೆ ಬಾನೆಟ್ಟಿನ ಮುಂದೆ ನಿಂತಳು. ಅದನ್ನೂ ಹೇಳಿದರು. ಅವಳು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಎಡಗಡೆಗೆ ಬಂದು ಕಿಟಕಿಯ ಗಾಜಿಗೆ ಮುಖ ತಾಗುವಷ್ಟು ಹತ್ತಿರ ನಿಂತಳು. ಬಟ್ಟೆಯನ್ನು ಮೇಲೆ ಕೆಳಗೆ ಬೀಸಿದಳು.

“ಈಗ?”

“ಹಿಂದೆ. ಡಿಕ್ಕಿ ಹತ್ತಿರ.”

ಅವಳು ಬಟ್ಟೆ ಬೀಸುತ್ತಲೇ ಇದ್ದಳು. “ಇನ್ನೊಂದು ಸಲ ನೋಡಿ ಹೇಳಿ.”

“ಹಿಂದೇನೇ. ಯಾಕೆ, ಅಲ್ವಾ?” ಎನ್ನುತ್ತ ಮೇಷ್ಟ್ರು ಕತ್ತು ಹೊರಳಿಸಿದರು. ಎಡಗಡೆಯ ಗಾಜಿಗೆ ಅಂಟಿದಂತೆ ಅವಳ ಮುಖ ಕಂಡಿತು.

ಬಂಕಿನ ಕಡೆ ಯಾವುದೋ ಲಾರಿ ಬಂದು ನಿಂತಿತು, ಗಾಳಿ ತುಂಬಿಸಿಕೊಂಡು ಹೋಯಿತು.

“ಬುಧವಾರ,” ಎಂದರು ಮೇಷ್ಟ್ರು ಕೊನೆಗೆ. “ಶಾಲೆ ಹತ್ತಿರ ತಿರುಗಿಸ್ಕೋತಿದ್ದೆ. ಕನ್ನಡಿಯಲ್ಲಿ ನೋಡ್ತೀನಿ, ಹಿಂದೆ ಒಬ್ಬ ಸೈಕಲ್ ಹಿಡ್ಕೊಂಡು ನಿಂತು ಬೈತಾ ಇದ್ದ. ಯಾರಿಗೋ ಬೈತಿದ್ದಾನೆ ಅಂದ್ಕೊಂಡೆ.”

“ನಿಂತಿದ್ದ ತಾನೆ?”

“ನಿಂತಿದ್ದ. ಎರಡು ಕಾಲ ಮೇಲೂ ನಿಂತಿದ್ದ.” ಅದನ್ನೇ ಮತ್ತೊಮ್ಮೆ ಹೇಳಿದರು. “ನಿಂತಿದ್ದ.”

ಅವಳು ಹೋಗಿ ಬಿಸಿಗಾಳಿಯ ಗನ್ನನ್ನು ಕೈಗೆತ್ತಿಕೊಂಡಳು. ಅದನ್ನು ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಈ ಕೈ ಆ ಕೈ ಮಾಡುತ್ತ ನಿಂತಳು.

“ಬಿಡು,” ಎಂದರು ಅವರು. “ಅದೊಂದನ್ನ ಹಾಗೇ ಬಿಡು. ನಾಳೆ ಮಗಳು ನೋಡ್ಲಿ.”

“ಉಳಿದದ್ದು?”

“ಉಳಿದದ್ದು ಚೆನ್ನಾಗಿ ಮಾಡು. ಅಪ್ಪ ಕಾರು ಹಾಳು ಮಾಡ್ಕೊಂಡು ಕೊಟ್ಟ ಅಂತ ಆಗಬಾರದು.”

ಅವಳು ವೈರು ಕಿತ್ತಿಟ್ಟು ಮತ್ತೆ ಕೂತಳು. ಗೀರಿನ ಸುತ್ತ ಒಂದು ಬೆರಳಷ್ಟು ಜಾಗ ಬಿಟ್ಟು, ಮಿಕ್ಕ ಎಲ್ಲ ಕಡೆ ಮದ್ದು ಹಚ್ಚಿದಳು. ಕನ್ನಡಿಯ ಕವಚದ ಸಂದಿಗೆ ಹಲ್ಲುಜ್ಜುವ ಬ್ರಷ್ಷು ಹಾಕಿ ತಿಕ್ಕಿದಳು. ಅವತ್ತು ಅಷ್ಟು ನಿಧಾನವಾಗಿ ಕೆಲಸ ಮಾಡಿದ್ದು ಯಾಕೆಂದು ಯಾರೂ ಕೇಳಲಿಲ್ಲ. ಮುಗಿಯುವ ಹೊತ್ತಿಗೆ ಬಿಸಿಲು ಶೆಡ್ಡಿನೊಳಕ್ಕೆ ಬಂದು, ಸುತ್ತಲಿನ ಹೊಸ ಕಪ್ಪಿನ ನಡುವೆ ಆ ಗೆರೆ ಮೊದಲಿಗಿಂತ ಎದ್ದು ಕಾಣುತ್ತಿತ್ತು.

ಮೇಷ್ಟ್ರು ಜೇಬಿನಿಂದ ಕೀ ತೆಗೆದು ಅವಳ ಅಂಗೈಯಲ್ಲಿಟ್ಟರು. ಆಮೇಲೆ ಬಾನೆಟ್ಟನ್ನು ಸುತ್ತಿಕೊಂಡು ಎಡಗಡೆಗೆ ಹೋಗಿ, ಬಾಗಿಲು ತೆಗೆದು, ಇಪ್ಪತ್ತು ಮೂವತ್ತು ವರ್ಷ ಕೂತಿದ್ದ ಆ ಸೀಟಿನಲ್ಲಿ ಕೂತರು.

“ಮೊದಲು ಕನ್ನಡಿ,” ಎಂದರು.

“ಗೊತ್ತು ಮೇಷ್ಟ್ರೇ.”

ಅವಳು ಕನ್ನಡಿ ಸರಿಮಾಡಿಕೊಂಡು ಕ್ಲಚ್ಚನ್ನು ನಿಧಾನವಾಗಿ ಬಿಟ್ಟಳು. ಕಾರು ಕುಪ್ಪಳಿಸಲಿಲ್ಲ. ಬಂಕಿನ ಗೇಟು ದಾಟಿ ರಸ್ತೆಗೆ ಮೂತಿ ಹಾಕುವಷ್ಟರಲ್ಲಿ ಎದುರಿಗೆ ಸ್ಕೂಟರೊಂದು ಅಡ್ಡ ಬಂತು. ಅವಳು ಬ್ರೇಕು ಒತ್ತಿದಳು. ಅದೇ ಕ್ಷಣಕ್ಕೆ ಎಡಗಡೆ ಮೇಷ್ಟ್ರ ಬಲಗಾಲು ಮ್ಯಾಟಿನ ತೇಪೆಯ ಮೇಲೆ ಗಟ್ಟಿಯಾಗಿ ಒತ್ತಿಕೊಂಡಿತು. ಸ್ಕೂಟರು ದಾಟಿ ಹೋದ ಮೇಲೂ ಕಾಲು ಅಲ್ಲೇ ಇತ್ತು.